ನಮ್ಮ ಪುಸ್ತಕದಲ್ಲಿರುವುದು ಯಾರ ಮಗು?

(ಅಫಜಲಪುರ ತಾಲ್ಲೂಕಿನ ಗೊಬ್ಬೂರದಲ್ಲಿ ಯುವಕರ ಮುಂದೆ ಆಡಿದ ಮಾತು)



ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಬಸ್ಸು ಹತ್ತಿ ಬಂದಿದ್ದೀರಿ. ನಾಮಫಲಕ, ನೌಕರಿ, ನೀರಿನ ಮಾತು ಬರುತ್ತದೆ ಎಂದುಕೊಂಡಿರಬಹುದು. ಇಲ್ಲ, ಇವತ್ತು ಶಿಶುಸಾಹಿತ್ಯದ ಮಾತು. ನಗಬೇಡಿ.

ಮಕ್ಕಳ ಪುಸ್ತಕ ಬರೆಯುವವರು ಮಕ್ಕಳಲ್ಲ, ದೊಡ್ಡವರು. ಅದನ್ನು ಓದಿದರೆ ಆ ಕಾಲದ ದೊಡ್ಡವರು ಮಗುವನ್ನು ಏನೆಂದುಕೊಂಡಿದ್ದರು ಎಂಬುದು ಗೊತ್ತಾಗುತ್ತದೆ. ಬಾಲ್ಯದ ಕಲ್ಪನೆಯೇ ಕಾಲಕಾಲಕ್ಕೆ ಬದಲಾಗುತ್ತದೆ ಎಂದು ಫ್ರಾನ್ಸಿನ ಫಿಲಿಪ್ ಆರಿಯೆಸ್ 1960ರಲ್ಲೇ ವಾದಿಸಿದ. ನಮ್ಮಲ್ಲೂ ಅಷ್ಟೇ. ಮೊದಲು ಮಗುವೆಂದರೆ ನೀತಿ ತುಂಬಬೇಕಾದ ಖಾಲಿ ಕೊಡ. ಶಾಲಾ ಇನ್‌ಸ್ಪೆಕ್ಟರಾಗಿದ್ದ ಪಂಜೆ ಮಂಗೇಶರಾಯರು (1874–1937) ಆ ಕೊಡವನ್ನು ಕೆಳಗಿಟ್ಟು ಮಗುವಿನ ಜೊತೆ ಹಾಡಿದರು. ರಾಜರತ್ನಂ ಕುಣಿದರು. ಕಾರಂತರು 1936ರ 'ಬಾಲಪ್ರಪಂಚ'ದಲ್ಲಿ ಮಗುವಿಗೆ ಕುತೂಹಲವಿದೆ ಎಂದು ನಂಬಿ, ಮೂರು ಸಂಪುಟ ತುಂಬ ಜಗತ್ತನ್ನೇ ತಂದಿಟ್ಟರು.

ಆಗ ಈ ನೆಲದ ಮಗು ಎಲ್ಲಿತ್ತು? ನಿಜಾಮನ ರಾಜ್ಯದಲ್ಲಿತ್ತು. 1948ರವರೆಗೆ ಇಲ್ಲಿ ಮೇಲಿನ ತರಗತಿ ಓದಬೇಕೆಂದರೆ ಉರ್ದುವೇ ಗತಿ. ಹಾಗೆ ಓದಿ ಅಧಿಕಾರಿಯಾದ ಸಿದ್ಧಯ್ಯ ಪುರಾಣಿಕರು (1918–1994) ಮಕ್ಕಳಿಗೆಂದು ಕನ್ನಡದಲ್ಲೇ ಪದ್ಯ ಬರೆದರು. ಇದೇ ಸೀಮೆಯ ಚಂದ್ರಕಾಂತ ಕರದಳ್ಳಿಯವರಿಗೆ 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ನಿಮ್ಮಲ್ಲಿ ಎಷ್ಟು ಜನ ಆ ಹೆಸರು ಕೇಳಿದ್ದೀರಿ?

ಈ ಊರಿನ ಮಗುವಿಗೆ ಅಜ್ಜನೆಂದರೆ ಮುತ್ಯಾ. ಪುಸ್ತಕದಲ್ಲಿ ಅವನು ತಾತ. ಮಣ್ಣೆತ್ತಿನ ಅಮಾವಾಸ್ಯೆಗೆ ಅದು ಎರೆಮಣ್ಣು ತಂದು ಎತ್ತು ಮಾಡುತ್ತದೆ, ಆಷಾಢದಲ್ಲಿ ಗುಳ್ಳವ್ವನನ್ನು ಕೂರಿಸಿ ಹಾಡುತ್ತದೆ. ಆಟದಲ್ಲೇ ಒಕ್ಕಲುತನ ಕಲಿಯುತ್ತದೆ. ಬಾಲ್ಯ ಇಲ್ಲಿ ದುಡಿಮೆಯಿಂದ ದೂರದ ಬೇರೆ ಕೋಣೆಯಲ್ಲ. (ಕೂಸುಗಳನ್ನು ಕೂಲಿಗೆ ಹಚ್ಚುವುದನ್ನು ಹೊಗಳುತ್ತಿದ್ದೇನೆಂದು ಯಾರೂ ತಿಳಿಯಬೇಡಿ.) ತೊಗರಿ ಕೈಕೊಟ್ಟ ವರ್ಷ ಅದೇ ಮಗು ಅಪ್ಪ-ಅವ್ವನ ಬೆನ್ನಿಗೆ ಪುಣೆ, ಮುಂಬಯಿ, ಬೆಂಗಳೂರಿಗೆ ಗುಳೆ ಹೋಗುತ್ತದೆ. ನಿಮ್ಮ ಪಕ್ಕದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಮರಳರಾಶಿ ಮೇಲೆ ಆಡುವುದು ಅದೇ ಕೂಸು. ಎದುರು ಮಹಡಿಯ ಮಗುವಿಗೆ ಇಂಗ್ಲಿಷ್ ರೈಮ್ಸು, ಇದಕ್ಕೆ ಏನೂ ಇಲ್ಲ. ಬಾಯಲ್ಲಿ ಕನ್ನಡ ಇರುವುದು ಮಾತ್ರ ಇದಕ್ಕೇ!

ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟ್ ಹೇಳಿತು. ತೀರ್ಪನ್ನು ಬೈದೆವು. ಬೈಯಬೇಕಾದದ್ದೇ. ಆದರೆ ಮಗು ತಾನಾಗಿ ಕೈಚಾಚುವಂಥ, ತನ್ನ ಮುಖ ಕಾಣುವಂಥ ಎಷ್ಟು ಕನ್ನಡ ಪುಸ್ತಕಗಳನ್ನು ನಾವು ಮಾಡಿದೆವು? ಇದನ್ನು ಯಾವ ಕೋರ್ಟೂ ತಡೆದಿರಲಿಲ್ಲ.

ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ಮತ್ತೆ ಬನ್ನಿ. ಬಾವುಟದ ಜೊತೆ ಒಂದು ನೋಟ್‌ಬುಕ್ಕೂ ಇರಲಿ. ಮಕ್ಕಳು ಕತೆ ಹೇಳಲಿ, ನೀವು ಬರೆದುಕೊಳ್ಳಿ. ಮುತ್ಯಾನನ್ನು ತಾತ ಎಂದು ತಿದ್ದಬೇಡಿ.