ಕಂಪನಿ ಬದಲಿಸುವ ಮುನ್ನ ಮನೆಯ ಡಬ್ಬಿಯನ್ನೊಮ್ಮೆ ತಿರುಗಿಸಿ ನೋಡಿ

(ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳು ಹಾಗೂ ಪಾಲಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ)



ನಾನು ಇಂಜಿನಿಯರ್ ಅಲ್ಲ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಕಲಿಸುವ ಶಾಲಾ ಮಾಸ್ತರ. ನನಗೆ ಕೊಟ್ಟ ವಿಷಯ ಮನೆಯ ಇಂಟರ್‌ನೆಟ್ ಮತ್ತು ರೂಟರ್. ಇದರ ಬಗ್ಗೆ ಮಾತನಾಡಲು ನನಗಿಂತ ಬಲ್ಲವರು ಈ ಸಭೆಯಲ್ಲೇ ಕುಳಿತಿದ್ದಾರೆ. ಆದರೆ ಗೊತ್ತಿಲ್ಲದೆ ಕಂಪನಿ ಬದಲಿಸಿ ಪೇಚಿಗೆ ಸಿಕ್ಕವರಲ್ಲಿ ಬಹುಶಃ ನಾನೇ ಮೊದಲಿಗ. ಆ ಅರ್ಹತೆಯಿಂದ ಇಲ್ಲಿ ನಿಂತಿದ್ದೇನೆ.

2021ರ ಜೂನ್ ತಿಂಗಳು ನೆನಪಿಸಿಕೊಳ್ಳಿ. ಶಾಲೆಗಳು ಮುಚ್ಚಿದ್ದವು. ಬೆಟಗೇರಿಯ ನಮ್ಮ ಮನೆಗೆ ಟೆಲಿಫೋನ್ ತಂತಿಯ ಮೂಲಕ ಬರುವ ಹಳೆಯ ಬ್ರಾಡ್‌ಬ್ಯಾಂಡ್ ಇತ್ತು. ನಿಧಾನ, ಆದರೂ ನಡೆಯುತ್ತಿತ್ತು. ಅದರಲ್ಲೇ ನಾನು ಪಾಠ ಮಾಡುತ್ತಿದ್ದೆ. ಎದುರು ಮನೆಯ ಹುಡುಗಿ ಆ ವರ್ಷ ಹತ್ತನೆಯ ತರಗತಿ. ಅವರ ಮನೆಯಲ್ಲಿ ಇದ್ದ ಒಂದೇ ಸಿಮ್ ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ಸಿಮ್ ಇಲ್ಲದ ಹಳೆಯ ಮೊಬೈಲೊಂದನ್ನು ಹಿಡಿದು ಅವಳು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನಮ್ಮ ವೈಫೈಯಲ್ಲಿ ಕ್ಲಾಸು ಕೇಳುತ್ತಿದ್ದಳು. ಆ ವರ್ಷದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಜುಲೈ 19 ಮತ್ತು 22ರಂದು, ಎರಡೇ ದಿನ, ಬಹು ಆಯ್ಕೆಯ ಪ್ರಶ್ನೆಗಳ ಹೊಸ ರೀತಿಯಲ್ಲಿ ನಡೆಯಿತು. ಅಭ್ಯಾಸದ ಮಾದರಿ ಪ್ರಶ್ನೆಗಳೆಲ್ಲ ಬರುತ್ತಿದ್ದದ್ದು ಮೊಬೈಲಿಗೇ.

ಅಷ್ಟರಲ್ಲಿ ಒಂದು ಕಂಪನಿಯ ಹುಡುಗ ಬಾಗಿಲಿಗೆ ಬಂದ. "ಇವತ್ತು ಹ್ಞೂಂ ಅನ್ರಿ ಸರ, ನಾಡಿದ್ದು ಫೈಬರ್. ನಿಮ್ಮ ಹಳೇ ರೂಟರೇ ನಡೀತೈತಿ" ಅಂದ. ನಾನು ಹ್ಞೂಂ ಅಂದೆ. ಅಂದೇ ಹಳೆಯ ಸಂಪರ್ಕ ಬಂದ್ ಮಾಡಲು ಅರ್ಜಿಯನ್ನೂ ಬರೆದುಕೊಟ್ಟೆ. ಎರಡು ತಿಂಗಳ ಬಿಲ್ಲು ಯಾಕೆ ಕೊಡಬೇಕು ಎಂಬ ಮಾಸ್ತರಿಕೆಯ ಲೆಕ್ಕಾಚಾರ! ಮೂರನೆಯ ದಿನ ಕೂದಲೆಳೆಯಂಥ ಗಾಜಿನ ಎಳೆಯಿದ್ದ ಕೇಬಲ್ ಮನೆಗೆ ಬಂತು. ನನ್ನ ರೂಟರಿನಲ್ಲಿ ಅದನ್ನು ಸಿಕ್ಕಿಸಲು ಜಾಗವೇ ಇರಲಿಲ್ಲ. "ಇದಕ್ಕ ಬ್ಯಾರೆ ಡಬ್ಬಿ ಬೇಕ್ರಿ, ಈಗ ಸ್ಟಾಕ್ ಇಲ್ಲ" ಎಂದು ಹೇಳಿ ಹೋದರು. ಒಂಬತ್ತು ದಿನ ಮನೆಯಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ನಾನು ಮೊಬೈಲ್ ಡೇಟಾದಲ್ಲಿ ಹೇಗೋ ಪಾಠ ಸಾಗಿಸಿದೆ. ಆ ಹುಡುಗಿ ಮಾತ್ರ ದಿನಾ ಹತ್ತು ಗಂಟೆಗೆ ಕಟ್ಟೆಯ ಹತ್ತಿರ ಬಂದು, "ಸರ, ಇವತ್ತರೆ ಬಂತೇನ್ರೀ?" ಎಂದು ಕೇಳಿ ಹೋಗುತ್ತಿದ್ದಳು. ಒಮ್ಮೆಯೂ ದೂರಲಿಲ್ಲ. ದೂರಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಆ ಡಬ್ಬಿಯನ್ನು ತಿರುಗಿಸಿ ಹಿಂಭಾಗ ನೋಡಿದ್ದರೆ ಇದಿಷ್ಟೂ ಎರಡು ನಿಮಿಷದಲ್ಲಿ ತಿಳಿಯುತ್ತಿತ್ತು. ಈಗ ಅದನ್ನೇ ಹೇಳುತ್ತೇನೆ.

ಬಿಎಸ್‌ಎನ್‌ಎಲ್ 2005ರಲ್ಲಿ ದೇಶದಲ್ಲಿ ಡೇಟಾವನ್ ಎಂಬ ಹೆಸರಿನಿಂದ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ ಅದು ಬಂದದ್ದು ತಾಮ್ರದ ಟೆಲಿಫೋನ್ ತಂತಿಯ ಮೇಲೆ. ಆಗ ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಸರ್ಕಾರದ ವ್ಯಾಖ್ಯೆಯಂತೆ ಅದು ಬ್ರಾಡ್‌ಬ್ಯಾಂಡ್. 2023ರ ಜನವರಿಯಿಂದ ಆ ಕನಿಷ್ಠ ಮಿತಿ 2 ಮೆಗಾಬಿಟ್. ತಾಮ್ರದ ಕಾಲದ ಮೋಡೆಮ್‌ನಲ್ಲಿ 'ಡಿಎಸ್‌ಎಲ್' ಎಂದು ಬರೆದ ಸಣ್ಣ ಪೋರ್ಟ್ ಇರುತ್ತದೆ, ಟೆಲಿಫೋನಿನ ಪಿನ್ ಹಿಡಿಸುವಷ್ಟು. ಅದಕ್ಕಿಂತ ಅಗಲವಾದ, 'ವ್ಯಾನ್' ಅಥವಾ 'ಇಂಟರ್‌ನೆಟ್' ಎಂದು ಬರೆದ, ಹೆಚ್ಚಾಗಿ ಬೇರೆ ಬಣ್ಣದ ಪೋರ್ಟ್ ಇದ್ದರೆ ಅದು ಸಾಮಾನ್ಯ ರೂಟರ್. ಹಸಿರು ಅಥವಾ ನೀಲಿ ಮೂತಿಯ ಫೈಬರ್ ಪಿನ್ ನೇರವಾಗಿ ಹೋಗುವಂತಿದ್ದರೆ ಅದು ಓಎನ್‌ಟಿ, ಅಂದರೆ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಡಬ್ಬಿ. ಮನೆಯಲ್ಲಿ ಇರುವುದು ಈ ಮೂರರಲ್ಲಿ ಯಾವುದು ಎಂದು ತಿಳಿಯುವುದು ಮೊದಲ ಪಾಠ.

ನನ್ನದು ಮೊದಲನೆಯ ಜಾತಿಯದು. ಫೈಬರ್‌ಗೆ ಅದು ನೇರವಾಗಿ ಬರುವುದಿಲ್ಲ. ಎರಡನೆಯ ಜಾತಿಯದಾದರೆ ಕಂಪನಿಯ ಓಎನ್‌ಟಿಯ ಹಿಂದೆ ಜೋಡಿಸಿ ಬಳಸಬಹುದು. ಇನ್ನು ಓಎನ್‌ಟಿ ಇದ್ದವರು, "ನಮ್ಮ ಹತ್ತಿರ ಫೈಬರ್ ಡಬ್ಬಿನೇ ಐತಲ್ಲ" ಎಂದು ನಿಶ್ಚಿಂತರಾಗಬೇಡಿ. ಪ್ರತಿ ಓಎನ್‌ಟಿಗೂ ಒಂದು ಸೀರಿಯಲ್ ನಂಬರ್ ಇರುತ್ತದೆ. ಅದನ್ನು ಕಂಪನಿಯ ಕಡೆಯ ಯಂತ್ರದಲ್ಲಿ ದಾಖಲಿಸಿದ ಮೇಲೆಯೇ ಸಂಪರ್ಕ ಜೀವ ಪಡೆಯುವುದು. ಒಂದು ಕಂಪನಿಯ ಓಎನ್‌ಟಿಯನ್ನು ಇನ್ನೊಂದು ಕಂಪನಿ ಒಪ್ಪಬೇಕೆಂದಿಲ್ಲ. ಕೆಲವನ್ನು ಒಂದೇ ಕಂಪನಿಗೆ ಸೀಮಿತವಾಗುವಂತೆ ಲಾಕ್ ಮಾಡಿರುತ್ತಾರೆ. ಆದ್ದರಿಂದ ಹಣ ಕೊಡುವ ಮುನ್ನ ಮಾದರಿಯ ಹೆಸರು ಹೇಳಿ, "ಇದನ್ನು ನಿಮ್ಮಲ್ಲಿ ದಾಖಲಿಸುತ್ತೀರಾ?" ಎಂದು ಕೇಳಿ. ಉತ್ತರವನ್ನು ಬಾಯಿಮಾತಿನಲ್ಲಿ ಅಲ್ಲ, ಮೆಸೇಜಿನಲ್ಲಿ ಪಡೆಯಿರಿ.

ಆ ಡಬ್ಬಿ ಯಾರದು ಎಂಬ ಪ್ರಶ್ನೆಯೂ ಇದೆ. ಎಷ್ಟೋ ಮನೆಗಳಲ್ಲಿ ಅದು ಬಾಡಿಗೆಯದು, ಇಲ್ಲವೇ ಠೇವಣಿ ಇಟ್ಟು ತಂದದ್ದು. ಮೊದಲ ಬಿಲ್ಲು ಅಥವಾ ರಸೀದಿ ಹುಡುಕಿ ನೋಡಿ. ಕಂಪನಿಯದಾದರೆ ಅಡಾಪ್ಟರ್ ಸಮೇತ ಹಿಂತಿರುಗಿಸಿ, ಕೊಟ್ಟದ್ದಕ್ಕೆ ಸಹಿ ಮಾಡಿದ ಚೀಟಿ ತೆಗೆದುಕೊಳ್ಳಿ. ಚೀಟಿ ಇಲ್ಲದೆ ಠೇವಣಿ ಕೇಳಲು ಹೋದವನ ಪಾಡು ಹಾಲ್ ಟಿಕೆಟ್ ಇಲ್ಲದೆ ಪರೀಕ್ಷೆಗೆ ಬಂದವನ ಪಾಡೇ.

ಈಗ ಡಬ್ಬಿಯ ಕೆಳಗಿನ ಸ್ಟಿಕ್ಕರ್ ಓದೋಣ. ಮಾದರಿ, ಸೀರಿಯಲ್ ನಂಬರ್, ಸೆಟ್ಟಿಂಗ್ ಪುಟದ ವಿಳಾಸ (ಸಾಮಾನ್ಯವಾಗಿ 192.168.1.1 ಎಂಬಂಥದ್ದು), ಬೇಕಾಗುವ ವಿದ್ಯುತ್ ಇವೆಲ್ಲ ಅಲ್ಲಿರುತ್ತವೆ. ಮಾದರಿಯ ಹೆಸರು ಸಿಕ್ಕರೆ ಅದರ ಗುಣಗಳನ್ನು ತಯಾರಕರ ವಿವರಪಟ್ಟಿಯಲ್ಲಿ ನೋಡಬಹುದು. ನೋಡಬೇಕಾದದ್ದು ಬಹಳವಿಲ್ಲ. ನೂರೈವತ್ತು ಮೆಗಾಬಿಟ್ಟಿನ ಪ್ಲಾನ್ ತೆಗೆದುಕೊಂಡು, ಪೋರ್ಟು 'ಫಾಸ್ಟ್ ಈಥರ್‌ನೆಟ್' ಆಗಿದ್ದರೆ ಅದರಲ್ಲಿ ನೂರಕ್ಕಿಂತ ಹೆಚ್ಚು ದಾಟುವುದಿಲ್ಲ, ಉಳಿದದ್ದಕ್ಕೆ ನೀವು ಸುಮ್ಮನೆ ಹಣ ಕಟ್ಟುತ್ತೀರಿ. 'ಗಿಗಾಬಿಟ್' ಎಂದಿರಬೇಕು. ವೈಫೈ ಒಂದೇ ಪಟ್ಟಿಯದೋ ಎರಡರದೋ ಎಂಬುದೂ ಮುಖ್ಯ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ನಿಧಾನ. 5 ಗಿಗಾಹರ್ಟ್ಸ್ ವೇಗದ್ದು, ಆದರೆ ಗೋಡೆ ಎದುರಾದರೆ ಬೇಗ ಸೋಲುತ್ತದೆ. ನಮ್ಮ ಕಡೆಯ ಮಾಳಿಗೆ ಮನೆಗಳ ಮಣ್ಣು-ಕಲ್ಲಿನ ದಪ್ಪ ಗೋಡೆಗಳು ಬೇಸಿಗೆಯಲ್ಲಿ ತಂಪು ಕೊಡುತ್ತವೆ, ವೈಫೈಗೆ ಮಾತ್ರ ಕೋಟೆಯಂತೆ ಅಡ್ಡ ನಿಲ್ಲುತ್ತವೆ. ಇಂಥ ಮನೆಯವರು ಪಡಸಾಲೆಯಲ್ಲಿ ಡಬ್ಬಿ ಇಟ್ಟು ಅಡುಗೆಮನೆಯಲ್ಲಿ ಸಿಗ್ನಲ್ ಇಲ್ಲವೆಂದು ಕಂಪನಿ ಬದಲಿಸಿದರೆ ಏನೂ ಬದಲಾಗದು. ಮೊದಲು ಡಬ್ಬಿಯ ಜಾಗ ಬದಲಿಸಿ. ಕಬ್ಬಿಣದ ಅಲಮಾರಿಯ ಮಗ್ಗುಲಿಂದ ಎತ್ತಿ ಮನೆಯ ನಡುವೆ, ಎತ್ತರದಲ್ಲಿ ಇಡಿ. ಡಬ್ಬಿಯಿಂದ ಲ್ಯಾಪ್‌ಟಾಪಿಗೆ ತಂತಿ ಜೋಡಿಸಿ ವೇಗ ಅಳೆಯಿರಿ. ತಂತಿಯಲ್ಲಿ ಚೆನ್ನಾಗಿದ್ದು ವೈಫೈಯಲ್ಲಿ ಮಾತ್ರ ಕಡಿಮೆಯಾದರೆ ತಪ್ಪು ಕಂಪನಿಯದಲ್ಲ. ನನ್ನ ಅಂದಾಜಿನಲ್ಲಿ ಕಂಪನಿ ಬದಲಿಸಲು ಹೊರಟವರಲ್ಲಿ ಅನೇಕರು ಈ ಪರೀಕ್ಷೆ ಮಾಡಿದರೆ ಅಲ್ಲಿಗೇ ನಿಲ್ಲುತ್ತಾರೆ.

ಬೀಗದ ವಿಷಯವನ್ನು ಒಂದೇ ಮಾತಿನಲ್ಲಿ ಹೇಳುವೆ: ಸೆಟ್ಟಿಂಗ್‌ನಲ್ಲಿ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇರಬೇಕು. ಡಬ್ಲ್ಯೂಇಪಿ ಮಾತ್ರ ಇರುವ ಹಳೆಯ ಡಬ್ಬಿಯನ್ನು ಯಾರು ಪುಕ್ಕಟೆ ಕೊಟ್ಟರೂ ಬೇಡ. 'ಗೆಸ್ಟ್ ನೆಟ್‌ವರ್ಕ್' ಇದ್ದರೆ ಬಹಳ ಒಳ್ಳೆಯದು. ಕಟ್ಟೆಯ ಮೇಲೆ ಕೂತು ಓದುವ ಮಕ್ಕಳಿಗೆ ನಿಮ್ಮ ಮನೆಯ ಪಾಸ್‌ವರ್ಡ್ ಕೊಡದೆಯೇ ಬೇರೆ ಹೆಸರಿನ ವೈಫೈ ಕೊಡಬಹುದು. ನಾನು ಈಗ ರೂಟರ್ ಕೊಳ್ಳುವಾಗ ಮೊದಲು ಹುಡುಕುವ ಗುಣ ಇದೇ.

ಹಿರಿಯರು ಗಮನಿಸಬೇಕಾದ ಮಾತೊಂದಿದೆ. ಹಳೆಯ ತಾಮ್ರದ ತಂತಿಯ ಟೆಲಿಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು. ಮನೆಯಲ್ಲಿ ಕರೆಂಟ್ ಹೋದರೂ ಫೋನು ಮಾತಾಡುತ್ತಿತ್ತು. ಗಾಜಿನ ಎಳೆಯಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರುವುದಿಲ್ಲ. ಕರೆಂಟ್ ಹೋದ ಕ್ಷಣ ಇಂಟರ್‌ನೆಟ್ಟೂ ಇಲ್ಲ, ಆ ಡಬ್ಬಿಗೆ ಜೋಡಿಸಿದ ಫೋನೂ ಇಲ್ಲ. ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೂಟರಿಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ. ಕೊಳ್ಳುವ ಮುನ್ನ ಸ್ಟಿಕ್ಕರಿನಲ್ಲಿ 12 ವೋಲ್ಟ್ ಇದೆಯೋ ಬೇರೆಯೋ, ಎಷ್ಟು ಆಂಪಿಯರ್ ಎಂದು ನೋಡಿ. ಕಂಪನಿಯ ಡಬ್ಬಿ ಒಂದು, ನಿಮ್ಮ ರೂಟರ್ ಇನ್ನೊಂದು ಇದ್ದರೆ ಎರಡಕ್ಕೂ ಬೇಕಾಗುತ್ತದೆ.

ನಂಬರಿನ ಮಾತು. ಮೊಬೈಲ್ ನಂಬರನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿ 20ರಿಂದ ದೇಶವಿಡೀ ಇದೆ. ಸ್ಥಿರ ದೂರವಾಣಿಗೆ ಆ ಸೌಲಭ್ಯವಿಲ್ಲ. ಗದಗಿನ 08372, ಮುಂಡರಗಿಯ 08371, ಶಿರಹಟ್ಟಿ-ಲಕ್ಷ್ಮೇಶ್ವರದ 08487ರ ಹಿಂದೆ ನಿಮ್ಮ ಅಂಗಡಿಯ ಬೋರ್ಡಿನಲ್ಲಿ ವರ್ಷಗಟ್ಟಲೆ ಬರೆದಿರುವ ನಂಬರು ಕಂಪನಿ ಬಿಟ್ಟ ದಿನ ಹೋಗುತ್ತದೆ. ಅದೇ ಕಂಪನಿಯಲ್ಲಿದ್ದುಕೊಂಡು ತಾಮ್ರದಿಂದ ಫೈಬರಿಗೆ ಹೋಗುವುದಾದರೆ ನಂಬರ್ ಉಳಿಸಿಕೊಡಲು ಕೇಳಬಹುದು. ಹೊಸ ಡಬ್ಬಿಯಲ್ಲಿ 'ಫೋನ್' ಎಂಬ ಪೋರ್ಟ್ ಇದೆಯೇ ಎಂದೂ ಆಗಲೇ ನೋಡಿ.

ಅಂಗಡಿಕಾರರಿಗೆ ಇನ್ನೊಂದು ಎಚ್ಚರಿಕೆ. ಹಳೆಯ ಮಾದರಿಯ ಕ್ಯಾಮೆರಾಗಳನ್ನು ಮನೆಯಿಂದ ನೋಡಲು ಅಂಗಡಿಯ ಸಂಪರ್ಕಕ್ಕೆ ಸ್ವಂತ ಐಪಿ ವಿಳಾಸ ಬೇಕು. ಹಂಚಲು ಇದ್ದ ಹಳೆಯ ಬಗೆಯ ವಿಳಾಸಗಳ ಜಾಗತಿಕ ದಾಸ್ತಾನು 2011ರಲ್ಲೇ ಮುಗಿದಿದೆ. ಹಾಗಾಗಿ ಹಲವು ಕಂಪನಿಗಳು ಒಂದೇ ವಿಳಾಸವನ್ನು ನೂರಾರು ಮನೆಗಳಿಗೆ ಹಂಚುತ್ತವೆ. ಶಾಲೆಗೆ ಒಂದೇ ಫೋನು ಇದ್ದಂತೆ: ಮಾಸ್ತರರು ಹೊರಗೆ ಮಾತಾಡಬಹುದು, ಹೊರಗಿನವರು ನೇರವಾಗಿ ಒಬ್ಬ ಮಾಸ್ತರನನ್ನು ಹಿಡಿಯಲಾರರು. ತಯಾರಕರ ಆ್ಯಪ್ ಮೂಲಕ ನಡೆಯುವ ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ಈ ತೊಂದರೆ ಇಲ್ಲ. ಉಳಿದವರು "ಪಬ್ಲಿಕ್ ಐಪಿ ಕೊಡುತ್ತೀರಾ, ಅದಕ್ಕೆ ಬೇರೆ ಹಣ ಎಷ್ಟು?" ಎಂದು ಮೊದಲೇ ಕೇಳಬೇಕು.

ಇಷ್ಟೆಲ್ಲ ನೋಡಿಯೂ ಬದಲಿಸಲೇಬೇಕೆಂದರೆ ಬದಲಿಸಿ. ನಾನು ಕಂಪನಿಗಳ ಪರವೂ ಅಲ್ಲ, ವಿರೋಧಿಯೂ ಅಲ್ಲ. ಹಳೆಯದನ್ನು ಮಾತ್ರ ಹೊಸದು ಒಂದು ವಾರ ಸರಿಯಾಗಿ ನಡೆಯುವವರೆಗೆ ಕಡಿಯಬೇಡಿ. ನಾನು ಉಳಿಸಲು ಹೋದ ಬಿಲ್ಲಿನ ಬೆಲೆ ಏನಾಯಿತೆಂದು ಆಗಲೇ ಹೇಳಿದ್ದೇನೆ. ಹಳೆಯ ಡಬ್ಬಿಯ ಸೆಟ್ಟಿಂಗ್ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಹೊಸದಕ್ಕೆ ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡುಗಳನ್ನೇ ಅಕ್ಷರ ತಪ್ಪದಂತೆ ಇಟ್ಟರೆ ಮನೆಯ ಮೊಬೈಲು, ಟಿವಿಗಳೆಲ್ಲ ತಾವಾಗಿಯೇ ಸೇರಿಕೊಳ್ಳುತ್ತವೆ. ಹಿಂತಿರುಗಿಸುವ ಡಬ್ಬಿಯ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಒತ್ತಿ ಹಿಡಿದು ನಿಮ್ಮ ವಿವರ ಅಳಿಸಿಯೇ ಕೊಡಿ.

ನನ್ನ ಹಳೆಯ ಡಿಎಸ್‌ಎಲ್ ಡಬ್ಬಿ ಎಸೆಯದೆ ಉಳಿದಿದೆ. ಅದರಲ್ಲಿ ಡಿಎಚ್‌ಸಿಪಿ ಎಂಬ ಸೌಲಭ್ಯ ನಿಲ್ಲಿಸಿ, ಹೊಸ ಡಬ್ಬಿಯ ವಿಳಾಸಕ್ಕೆ ಡಿಕ್ಕಿಯಾಗದ ವಿಳಾಸ ಕೊಟ್ಟು, ಲ್ಯಾನ್ ಪೋರ್ಟಿನಿಂದ ಲ್ಯಾನ್ ಪೋರ್ಟಿಗೆ ತಂತಿ ಎಳೆದೆ. ಈಗ ಅದು ಬೀದಿಯ ಕಡೆಯ ಕಿಟಕಿಯಲ್ಲಿ ಕೂತು ಕಟ್ಟೆಗೆ ವೈಫೈ ಕೊಡುತ್ತಿದೆ. ವೇಗ ಕಡಿಮೆ, ಪಾಠ ಕೇಳಲು ಸಾಕು.

ಸಭೆ ಮುಗಿದ ಮೇಲೆ ನಾನು ಹಿಂದಿನ ಮೇಜಿನ ಹತ್ತಿರ ಇರುತ್ತೇನೆ. ಮನೆಯ ಡಬ್ಬಿಯ ಸ್ಟಿಕ್ಕರಿನ ಫೋಟೋ ಇದ್ದವರು ಬಂದು ತೋರಿಸಿ, ಅದು ಯಾವ ಜಾತಿಯದೆಂದು ಕೂಡಿ ನೋಡೋಣ. ಪಾಸ್‌ವರ್ಡ್ ಇರುವ ಸಾಲನ್ನು ಮಾತ್ರ ಬೆರಳಿನಿಂದ ಮುಚ್ಚಿಕೊಂಡು ತೋರಿಸಿ.