ಹಲ್ಲುನೋವು ಅಂತ ಹೇಳಲಾಗದವರು

ನನ್ನ ತಮ್ಮನಿಗೆ ಸೆರೆಬ್ರಲ್ ಪಾಲ್ಸಿ, ಮಾತು ಬರಲ್ಲ. ಹಲ್ಲು ನೋವಾದರೆ ಊಟ ಬಿಡ್ತಾನೆ, ರಾತ್ರಿ ನಿದ್ದೆ ಮಾಡಲ್ಲ, ಕೆನ್ನೆಗೆ ಹೊಡ್ಕೋತಾನೆ. ನೋಡಿದವರು ಹಟ ಅಂತಾರೆ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ನಡವಳಿಕೆ ದಿಢೀರ್ ಬದಲಾದಾಗ ಮೊದಲು ಬಾಯಿ ತೋರಿಸಿ.

ಸೆರೆಬ್ರಲ್ ಪಾಲ್ಸಿ ನೇರವಾಗಿ ಹಲ್ಲು ಹುಳುಕು ಮಾಡಲ್ಲ. ನಾಲಗೆ, ಕೆನ್ನೆ ಹಿಡಿತದಲ್ಲಿಲ್ಲದೆ ತಿಂದದ್ದು ಬಾಯಲ್ಲೇ ಉಳಿಯುತ್ತೆ. ಹಲ್ಲು ಕಡಿದು ಕಡಿದು ಸವೆಯುತ್ತೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಿಂದ ಒಸಡು ಬೆಳೆಯಬಹುದು; ಹಾಗಂತ ಮಾತ್ರೆ ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಬ್ರಶ್ ಮಾಡಿಸುವಾಗ ಕುರ್ಚಿಯಲ್ಲಿ ಕೂರಿಸಿ, ಹಿಂದೆ ನಿಂತು, ತಲೆಯನ್ನು ನಿಮ್ಮ ಎದೆಗೆ ಆನಿಸಿಕೊಳ್ಳಿ. ತಲೆ ತೀರಾ ಹಿಂದಕ್ಕೆ ವಾಲಿದರೆ ನೆತ್ತಿಗೇರುತ್ತೆ. ಫ್ಲೋರೈಡ್ ಪೇಸ್ಟ್ ತೆಳ್ಳಗೆ ಸವರಿದಷ್ಟು ಸಾಕು. ಹಲ್ಲುಗಳ ನಡುವೆ ಬೆರಳಿಡಬೇಡಿ. ತಟ್ಟನೆ ಕಚ್ಚೋದು ಅವರ ಕೈಯಲ್ಲಿರಲ್ಲ.

ಡೆಂಟಲ್ ಕಾಲೇಜುಗಳ ಮಕ್ಕಳ ದಂತವಿಭಾಗದಲ್ಲಿ ಇಂಥವರನ್ನು ನೋಡುವ ತರಬೇತಿ ಇರುತ್ತೆ. ದೊಡ್ಡವರಾಗಿದ್ದರೂ ಅಲ್ಲಿ ಕೇಳಿ ನೋಡಿ. ಫಿಟ್ಸ್, ಔಷಧಿ, ವೀಲ್‌ಚೇರ್ ವಿಷಯ ಫೋನಲ್ಲೇ ತಿಳಿಸಿ. ಮೊದಲ ದಿನ ಕುರ್ಚಿಯಲ್ಲಿ ಕೂತು ಬಂದರೂ ಸಾಕು. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷದವರೆಗೆ ಕೊಡುತ್ತೆ. ಹಲ್ಲಿನ ಆರೈಕೆಗೂ ಅದರಲ್ಲಿ ಒಂದು ಪಾಲಿದೆ.

ನಾವು ಪುಣೆ, ಹೈದರಾಬಾದ್‌ನಲ್ಲಿ. ಬ್ರಶ್ ಹಿಡಿಯುವ ಅಮ್ಮ ಊರಲ್ಲಿ. ಅವರಿಗೂ ವಯಸ್ಸಾಯ್ತು. ಮುಂದಿನ ರಜೆಗೆ ಹೋದಾಗ ನಾಲ್ಕು ದಿನ ಆ ಬ್ರಶ್ ನೀವೇ ಹಿಡೀರಿ. ನಾಳೆ ಅದು ಬರೋದು ನಮ್ಮ ಕೈಗೇ.