ರೊಟ್ಟಿಯ ಜೋಳ ಎಲ್ಲಿಗೆ ಹೋಯಿತು?

(ಹೊನವಾಡದಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯ ಜನರನ್ನೂ ಅಂಗಡಿಕಾರರನ್ನೂ ಹೊನವಾಡಕ್ಕೆ ಕರೆಯಿಸಿ ಒಕ್ಕಲುತನದ ಮಾತು ಆಡುವುದೇಕೆಂದು ಕೆಲವರು ಕೇಳಿದರು. ಕೇಳತಕ್ಕ ಮಾತೇ. ನಿಮ್ಮಲ್ಲಿ ಹಲವರಿಗೆ ಒಂದು ಗುಂಟೆ ಹೊಲವಿಲ್ಲ. ಆದರೆ ಸಂಜೆಯಾದರೆ ನಿಮ್ಮೆಲ್ಲರ ಮನೆಯಲ್ಲಿಯೂ ರೊಟ್ಟಿ ಬಡಿಯುವ ಸಪ್ಪಳ ಕೇಳಬೇಕಲ್ಲ? ಪಗಾರ ಹೆಚ್ಚಿಸಿರೆಂದು ನಾವು ಮಾಲಕರ ಬಾಗಿಲಿಗೆ ಹೋಗುತ್ತೇವೆ. ಹೋರಾಡಿ ತಂದ ಪಗಾರವನ್ನು ಜೋಳದ ಧಾರಣೆಯೇ ನುಂಗಿದರೆ ಯಾರ ಬಾಗಿಲಿಗೆ ಹೋಗಬೇಕು? ಈ ಗಂಟು ಗಿರಣಿಯ ಗೇಟಿನ ಮುಂದೆ ಬಿಚ್ಚುವುದಿಲ್ಲ. ಅದಕ್ಕಾಗಿ ಹೊಲಕ್ಕೇ ಬರಬೇಕು.

ಈ ತಿಕೋಟಾ-ಬಬಲೇಶ್ವರ ಸೀಮೆಯ ಎರೆಭೂಮಿ ಹಿಂಗಾರಿ ಜೋಳದ ಭೂಮಿ. ಮಳೆಗಾಲದ ನೀರನ್ನು ಎರೆಮಣ್ಣು ಹೀರಿ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ಸಪ್ಟಂಬರ-ಅಕ್ಟೋಬರದಲ್ಲಿ ಕೂರಿಗೆ ಹೂಡಿ ಬಿತ್ತಿದ ಮಾಲದಂಡಿ ಮುಂದೆ ಮಳೆ ಕೈಕೊಟ್ಟರೂ ಆ ಹಸಿಯ ಮೇಲೆಯೇ ಬೆಳೆದು, ಸಂಕ್ರಮಣ ದಾಟಿದ ಮೇಲೆ ಸುಗ್ಗಿಗೆ ಬರುತ್ತದೆ. ಕಾಲುವೆ ಬೇಡ, ಕರೆಂಟು ಬೇಡ. ಸುತ್ತಲೂ ಕುಸುಬಿಯ ಸಾಲು ಹಾಕಿದರೆ ಅದರ ಮುಳ್ಳಿಗೆ ಹೆದರಿ ದನ ಒಳಗೆ ಬರುವುದಿಲ್ಲ, ಮನೆಗೆ ಎಣ್ಣೆಯೂ ಆಯಿತು. ತೆನೆ ಮನುಷ್ಯನಿಗೆ, ಕಣಿಕೆ ಎತ್ತಿಗೆ, ಎತ್ತಿನ ಗೊಬ್ಬರ ತಿರುಗಿ ಹೊಲಕ್ಕೆ. ಈ ಲೆಕ್ಕವನ್ನು ದಿಲ್ಲಿಯಲ್ಲಿ ಕುಳಿತವರು ಬರೆದುಕೊಟ್ಟದ್ದಲ್ಲ.

ಈಗ ಹೊನವಾಡದಿಂದ ತಿಕೋಟೆಯ ಕಡೆಗೆ ಕಣ್ಣಾಡಿಸಿರಿ. ದ್ರಾಕ್ಷಿಯ ಚಪ್ಪರ, ಒಣದ್ರಾಕ್ಷಿಯ ಶೆಡ್ಡು. ದ್ರಾಕ್ಷಿ ಹಚ್ಚಿದವನ ಮೇಲೆ ನಮಗೆ ಸಿಟ್ಟಿಲ್ಲ, ಅವನೂ ಬಹುತೇಕ ಸಾಲಗಾರನೇ. ಕಂಬ, ತಂತಿ, ಔಷಧ, ವರ್ಷಕ್ಕೆ ಎರಡು ಸಲ ಚಾಟ್ನಿ. ಬರ ಬಿದ್ದ ವರ್ಷ ಟ್ಯಾಂಕರ್ ನೀರು ಕೊಂಡು ಬಳ್ಳಿಯ ಜೀವ ಹಿಡಿಯಬೇಕು. ಹಣ್ಣು ಒಣಗಿಸುವ ಹೊತ್ತಿಗೆ ಅಕಾಲದ ಮಳೆ ಸುರಿದರೆ ವರ್ಷದ ದುಡಿಮೆ ಮಣ್ಣುಪಾಲು. ಇಷ್ಟಾದರೂ ಅವನು ದ್ರಾಕ್ಷಿಯನ್ನೇ ಹಿಡಿದಿದ್ದಾನೆ. ಅಂದಮೇಲೆ ಜೋಳ ಅವನಿಗೆ ಏನನ್ನೂ ಉಳಿಸಿಕೊಡಲಿಲ್ಲವೆಂದೇ ಅರ್ಥ.

ಜೋಳ ಬಿಟ್ಟವರೆಲ್ಲ ದ್ರಾಕ್ಷಿಗೆ ಹೋದವರೂ ಅಲ್ಲ. ಬಹಳ ಮಂದಿ ತೊಗರಿ, ಕಡಲೆ ಹಿಡಿದರು. ಮಾಲದಂಡಿ ಆಳೆತ್ತರದ ಬೆಳೆ. ಹಕ್ಕಿ ಕಾಯಬೇಕು, ಕೈಯಿಂದ ಕೀಳಬೇಕು, ತೆನೆ ಮುರಿಯಬೇಕು, ರಾಶಿ ಮಾಡಬೇಕು. ಆ ಕೆಲಸದ ಕೂಲಿ ಕೊಟ್ಟು ಪೇಟೆಗೆ ಚೀಲ ಒಯ್ದರೆ ಕೈಗೆ ಉಳಿಯುವುದೆಷ್ಟು? ಟ್ರ್ಯಾಕ್ಟರ್ ಬಂದು ಎತ್ತು ಹೋದ ಮೇಲೆ ಕಣಿಕೆಯ ಬೆಲೆಯೂ ಅವನ ಮನೆಯ ಲೆಕ್ಕದಿಂದ ಜಾರಿತು. ಕೂಲಿಯವಳ ಕೂಲಿ ಹೆಚ್ಚಾಯಿತೆಂದು ಗೊಣಗುವವರು ನಮ್ಮ ಸಭೆಯಲ್ಲಿಯೂ ಇದ್ದಾರೆ. ಅವರಿಗೆ ನಾವು ಹೇಳುವುದಿಷ್ಟೇ: ಬಿಸಿಲಿನಲ್ಲಿ ಬಾಗಿ ಜೋಳ ಕೀಳುವವಳ ಕೂಲಿ ಇನ್ನೂ ಹೆಚ್ಚಬೇಕು, ಕಡಿಮೆ ಇರುವುದು ಜೋಳದ ಬೆಲೆ.

ಎತ್ತಿನ ಹಿಂದೆಯೇ ಬದುವಿನ ಮರವೂ ಹೋಯಿತು. ನಮ್ಮ ಜಿಲ್ಲೆಯ ಅರಣ್ಯ ನೂರಕ್ಕೆ ಒಂದರಷ್ಟೂ ಇಲ್ಲ. ನಮಗೆ ಕಾಡೆಂದರೆ ಬದುವಿನ ಜಾಲಿ, ಬನ್ನಿ, ಬೇವು. ಚಕ್ಕಡಿಯ ಗಾಲಿಗೆ, ಕುಂಟೆಗೆ, ಕೂರಿಗೆಗೆ ಬಡಿಗೇರ ಜಾಲಿಯನ್ನೇ ಹುಡುಕುತ್ತಿದ್ದ. ಅದರ ಕಾಯಿ ಆಡಿಗೆ, ತೊಗಟೆ ತೊಗಲು ಹದಮಾಡುವವರಿಗೆ, ಟೊಂಗೆ ಬೇಲಿಗೆ. ಚಕ್ಕಡಿ ಮೂಲೆ ಸೇರಿದ ಮೇಲೆ ಜಾಲಿಗೆ ಉಳಿದ ಗಿರಾಕಿ ಇಟ್ಟಂಗಿ ಭಟ್ಟಿ. ಮರ ಕಡಿಯಲು ಅಪ್ಪಣೆ ಬೇಕೆಂಬ ಕಾಯದೆ 1976ರಿಂದ ಇದೆ; ಕೊಡಲಿಗೆ ಕಾಯದೆ ಓದಲು ಬಾರದು. 2016ರಿಂದ ಕೋಟಿ ವೃಕ್ಷ ಅಭಿಯಾನವೆಂದು ಜಿಲ್ಲೆಯಲ್ಲಿ ಸಸಿ ನೆಟ್ಟರು, ಒಳ್ಳೆಯದೇ ಆಯಿತು. ಆದರೆ ರಸ್ತೆಯ ಬದಿಗೆ ಸಸಿ ನೆಡುವ ಸರಕಾರ, ಬದುವಿನ ಮೇಲೆ ಮೂವತ್ತು ವರ್ಷದ ಬನ್ನಿಯನ್ನು ಕಡಿಯದೆ ಕಾಯ್ದವನಿಗೆ ಒಂದು ರೂಪಾಯಿ ಕೊಟ್ಟದ್ದನ್ನು ನಾವು ಕಂಡಿಲ್ಲ.

ಜೋಳ ಹೋದರೆ ಹೋಯಿತು, ರೊಕ್ಕವಿದ್ದರೆ ಎಲ್ಲಿಂದಲಾದರೂ ತಂದು ತಿಂದೇವು ಎನ್ನುವವರಿಗೆ ಈ ನಾಡಿನ ಹಳೆಯ ಕಥೆ ನೆನಪಿಲ್ಲ. 1876-78ರ ಬರದಲ್ಲಿ, ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಇಳಿಯಿತು. ರೈಲು ವಿಜಾಪುರಕ್ಕೆ ಬಂದದ್ದು 1884ರಲ್ಲಿ. ಕಾಳು ತರುವ ರೈಲು ಕಾಳನ್ನು ಒಯ್ಯಲೂ ಬಲ್ಲದು ಎಂಬುದು ಆಮೇಲೆ ತಿಳಿಯಿತು. ರೈಲಿಗಿಂತ ಮೊದಲಿನಿಂದಲೂ ನಮ್ಮ ಹಿರಿಯರ ಆಧಾರ ಹಗೇವು. ನೆಲದಲ್ಲಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ತೆರೆದ ಕೂಡಲೆ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಜೀವ ತೆಗೆಯುತ್ತದೆ. ದೀಪ ಇಳಿಬಿಟ್ಟು ನೋಡಿಯೇ ಮನುಷ್ಯ ಇಳಿಯಬೇಕು. ಸಾವಕಾರನ ಹಗೇವಿನ ಜೋಳ ಬರಗಾಲದಲ್ಲಿ ಬಡವನಿಗೆ ಸುಮ್ಮನೆ ಸಿಕ್ಕಿತೆಂದು ನಾವು ಹೇಳುವುದಿಲ್ಲ. ಕಾಳು ಊರಲ್ಲಿತ್ತು, ಕೇಳಲು ಒಂದು ಬಾಗಿಲಿತ್ತು, ಅಷ್ಟೇ. ಸ್ವಾತಂತ್ರ್ಯದ ಮೇಲೂ, 1960ರ ದಶಕದಲ್ಲಿ, ಅಮೆರಿಕದ ಹಡಗು ತಂದ ಕೆಂಪು ಜೋಳವನ್ನು ಈ ದೇಶ ತಿನ್ನಬೇಕಾಯಿತು.

ಸರಕಾರ ಜೋಳವನ್ನು ಹೇಗೆ ಕಂಡಿದೆ ನೋಡಿರಿ. 2013ರ ಆಹಾರ ಭದ್ರತಾ ಕಾಯದೆಯಲ್ಲಿ ಅಕ್ಕಿಗೆ 3 ರೂಪಾಯಿ, ಗೋದಿಗೆ 2, ನಮ್ಮ ಜೋಳದಂಥ ಧಾನ್ಯಕ್ಕೆ 1. ಅದಕ್ಕೆ ಇಟ್ಟ ಹೆಸರು 'ಒರಟು ಧಾನ್ಯ'. 2018ರಲ್ಲಿ ಹೆಸರು ತಿದ್ದಿ 'ಪೌಷ್ಟಿಕ ಧಾನ್ಯ' ಎಂದರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿತು; ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಜೋಳ ಬಣ್ಣದ ಪೊಟ್ಟಣ ಸೇರಿತು. ನ್ಯಾಯಬೆಲೆ ಅಂಗಡಿಯಲ್ಲಿ ಮಾತ್ರ ಅಕ್ಕಿಯದೇ ಆಳಿಕೆ. ಅಕ್ಕಿ ಹಸಿವೆ ತಗ್ಗಿಸಿದೆ, ಅಲ್ಲಗಳೆಯುವುದಿಲ್ಲ. ಆದರೆ ಆ ಅಕ್ಕಿಯನ್ನು ಮಾರಿ ಜೋಳ ಕೊಳ್ಳುವ ಮನೆಗಳು ನಿಮ್ಮ ಓಣಿಯಲ್ಲಿಯೇ ಇವೆ. ಆ ವ್ಯಾಪಾರದಲ್ಲಿ ಲಾಭ ಯಾರಿಗೆಂದು ಇಲ್ಲಿನ ಅಂಗಡಿಕಾರರನ್ನು ಕೇಳಬೇಕಾಗಿಲ್ಲ. 2025-26ಕ್ಕೆ ಮಾಲದಂಡಿಯ ಬೆಂಬಲ ಬೆಲೆ ಕ್ವಿಂಟಲಿಗೆ 3,749 ರೂಪಾಯಿ. ಖರೀದಿ ಕೇಂದ್ರದ ಬಾಗಿಲು ತೆರೆಯುವುದು ತಡವಾದರೆ, ಸಾಲದ ಅವಸರದಲ್ಲಿರುವ ಸಣ್ಣ ರೈತನ ಚೀಲ ಅಷ್ಟರೊಳಗೆ ಅಡತಿ ಸೇರಿರುತ್ತದೆ. ಮುಂದೆ ಧಾರಣೆ ಏರಿದಾಗ ಅವನೂ ನಿಮ್ಮ ಜೊತೆ ಕೊಳ್ಳುವವನೇ.

ಇನ್ನು ನೀರು. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಎಷ್ಟೋ ಊರು ಮುಳುಗಿದವು. 519.6 ಮೀಟರಿನಿಂದ 524.256ಕ್ಕೆ ಏರಿಸಲು ನ್ಯಾಯಾಧಿಕರಣ 2010ರಲ್ಲಿ ಒಪ್ಪಿತು. ಏರಿಸಿದರೆ ಇನ್ನಷ್ಟು ಊರು ಬಿಡಬೇಕು. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಗಳಿಂದ ಕೃಷ್ಣೆ ಈ ಎತ್ತರದ ಸೀಮೆಗೆ ಏರಿ ಬಂದದ್ದು ಸಾರ್ವಜನಿಕರ ರೊಕ್ಕದಿಂದ, ಮನೆ ಕಳೆದುಕೊಂಡವರ ತ್ಯಾಗದಿಂದ. ಅಂಥ ನೀರಿನಲ್ಲಿ ಊಟದ ಬೆಳೆಗೆ ಪಾಲಿರಬೇಕೆನ್ನುವುದು ಅತಿಯಾಸೆಯೇ? ಹಸಿ ಆರಿದ ವರ್ಷ ಜೋಳಕ್ಕೆ ಒಂದೆರಡು ಸಲ ನೀರು ಸಿಕ್ಕರೆ ಸಾಕು, ಬೆಳೆ ಉಳಿಯುತ್ತದೆ. ನೀರು ಬಂದ ಕಡೆ ಹೊಲದ ಬೆಲೆಯೂ ಏರುತ್ತದೆ. ಉಳುವವನಿಗೆ ಭೂಮಿ ಎಂದು 1951ರಲ್ಲಿ ಕಾಗೋಡಿನಲ್ಲಿ ನಮ್ಮವರು ಜೈಲಿಗೆ ಹೋದರು, ಲೋಹಿಯಾ ಅವರನ್ನೂ ಅಲ್ಲಿ ಬಂಧಿಸಿದರು. ಒಕ್ಕಲಿಗನಲ್ಲದವನು ಹೊಲ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳನ್ನು 2020ರಲ್ಲಿ ಕಿತ್ತುಹಾಕಿದರು. ರೊಕ್ಕವಂತ ಪಟ್ಟಣದಿಂದ ಬಂದು ನೀರಿನ ದಂಡೆಯ ಹೊಲ ಹಿಡಿದರೆ ನಿಮ್ಮ ರೊಟ್ಟಿಗೆಂದು ಜೋಳ ಬಿತ್ತುವನೇ?

ಸುಗ್ಗಿಯ ಮೊದಲ ವಾರದಲ್ಲಿಯೇ ಖರೀದಿ ಕೇಂದ್ರ ತೆರೆಯಬೇಕು. ಇಲ್ಲಿ ಕೊಂಡ ಜೋಳ ಇದೇ ಜಿಲ್ಲೆಯ ನ್ಯಾಯಬೆಲೆ ಅಂಗಡಿಗಳಿಗೆ ತಿಂಗಳು ತಪ್ಪದೆ ಬರಬೇಕು. ಬದುವಿನ ಮರ ಕಾಯುವವನಿಗೆ ವರ್ಷಾಶನ ಕೊಡಬೇಕು. ಇಷ್ಟನ್ನು ಬರೆದ ಅರ್ಜಿ ಮೇಜಿನ ಮೇಲಿದೆ. ರೈತರ ಸಹಿ ಆಗಲೇ ಬಿದ್ದಿವೆ. ತಿನ್ನುವವರ ಸಹಿಯಿಲ್ಲದ ಅರ್ಜಿಯನ್ನು ಕಚೇರಿಯವರು ರೈತರ ಗೋಳೆಂದು ಕಟ್ಟಿ ಇಡುತ್ತಾರೆ. ಗಿರಣಿಯವರು ಎಡಗಡೆಯ ಹಾಳೆಯಲ್ಲಿ, ಅಂಗಡಿಯವರು ಬಲಗಡೆಯ ಹಾಳೆಯಲ್ಲಿ ಸಹಿ ಹಾಕಿರಿ. ರೊಟ್ಟಿ ಮಾಡಿ ಮಾರುವ ತಾಯಂದಿರು ಮೊದಲು ಬರಲಿ.